ಹಿಂದೆ ಬರ್ತಿದ್ದಾಳೆ

ಇವಳೇ,

ನೀನು ತೀರಿಕೊಂಡ ಮೇಲೆ ಮೊದಲ ಸಲ, ಈ ಶನಿವಾರ, ನಾವಿಬ್ಬರೂ ಹೋಗುತ್ತಿದ್ದ ಬೆಟ್ಟದೂರಿಗೆ ಒಬ್ಬನೇ ಹೋಗಿದ್ದೆ. ಬೆಟ್ಟ ಹತ್ತಿ, ಎಂದಿನಂತೆ ದಾಪುಗಾಲು ಹಾಕಿಕೊಂಡು ಇಳಿದೆ. ಕೆಳಗೆ ಸಂಜೆ ಪಾಳಿಯ ಕಾವಲುಗಾರ ಬೆಟ್ಟದ ದಾರಿಯ ಗೇಟಿಗೆ ಬೀಗ ಹಾಕಲು ನಿಂತಿದ್ದ.

"ಮೇಡಂ ಎಲ್ಲಿ ಸಾರ್?"

"ಹಿಂದೆ ಬರ್ತಿದ್ದಾಳೆ." ಹಾಳು ಬಾಯಿ, ಪ್ರತಿಸಲದ ಉತ್ತರವನ್ನೇ ಕೊಟ್ಟುಬಿಟ್ಟಿತು.

ಅವನು ಬೀಗ ಕೆಳಗಿಟ್ಟ. "ನಿಧಾನಕ್ಕೆ ಬರ್ಲಿ ಬಿಡಿ, ಪಾಪ, ಮಂಡಿನೋವು. ಹೋದ್ಸಲ ಇದೇ ಸ್ಟೂಲ್ ಮೇಲೆ ಕೂತು ಸುಧಾರಿಸ್ಕೊಂಡ್ರು. ನೀವು ಆಗ್ಲೇ ಬಸ್ ಹತ್ರ ಹೋಗ್ಬಿಟ್ಟಿದ್ರಿ."

ನನಗ್ಯಾಕೆ ಹೇಳಲಿಲ್ಲ ಕಣೇ? ಹೇಳಿದ್ದೆಯೇನೋ, ನಾನು ಮುಂದಿದ್ದೆ.

ಅವನು ಸ್ಟೂಲು ಸರಿಸಿಕೊಟ್ಟ. ಕೂತೆ. ಕತ್ತಲಾಗುವ ತನಕ ಇಬ್ಬರೂ ನಿನ್ನ ದಾರಿ ನೋಡಿದೆವು.