ಬಡ್ಡಿಯಿಲ್ಲದ ಪಾಲಿಸಿ

ಹಾಸ್ಟೆಲ್, ತುಮಕೂರು
23 ಆಗಸ್ಟ್ 2007, ಗುರುವಾರ

ನನ್ನ ಅರ್ಜೂ ಆಪಾಗೆ,

ಅಸ್ಸಲಾಮು ಅಲೈಕುಮ್. ಫೋನ್ ಮಾಡಿದ್ರೆ ಅಂಗಡೀಲಿ ಅಬ್ಬಾನೇ ಎತ್ತುತಾರೆ. ಅದಕ್ಕೇ ದಿನಾ ನಮ್ಮ ಗುಬ್ಬಿಯಿಂದ ಕಾಲೇಜಿಗೆ ಬರೋ ಇಂಪನಾ ಕೈಲಿ ಲೆಟರ್ ಕೊಡ್ತಿದೀನಿ. ಅಮ್ಮಿ ಎದುರಿಗೆ ಓದಬೇಡ.

ನಿನ್ನ ಮದುವೆ ಗಂಡು ಅರ್ಷದ್ ಭಾಯ್ ತಮ್ಮ ಬ್ಯಾಂಕಲ್ಲಿ ಮಾಡಿಸಿಕೊಟ್ಟ ಪಾಲಿಸೀನ ಅಬ್ಬಾ ನನಗೆ ಕಳಿಸಿದ್ರಲ್ಲ, ಇಂಗ್ಲಿಷು ನೀನೇ ಓದಿ ಹೇಳು ಬೇಟಿ ಅಂತ. ಓದಿದೆ. ತಪ್ಪು ಓದಿದೀನೇನೋ ಅಂತ ಟೆನ್ಷನ್ ಆಗಿ ಶಿರಾ ಗೇಟ್ ಹತ್ರ ಇರೋ ಆ ಇನ್ಶೂರೆನ್ಸ್ ಕಂಪನಿ ಆಫೀಸಿಗೂ ಹೋದೆ. ಅಲ್ಲಿನ ಮೇಡಂ ಹೇಳಿದ್ದೂ ಅದೇ. ಒಂದು ಸಲ ಕಟ್ಟಿದ್ರೆ ಮುಗೀತು ಅನ್ನೋದು ಸುಳ್ಳು, ಪ್ರತಿ ವರ್ಷ ಕಟ್ಟಬೇಕು. ಮೂರು ವರ್ಷ ತೆಗೆಯೋ ಹಾಗಿಲ್ಲ. ದುಡ್ಡು ಹೋಗೋದು ಷೇರಿಗೆ.

ಅಬ್ಬಾ ಎಂಥೋರು ಅಂತ ನಿಂಗೊತ್ತು. ಬ್ಯಾಂಕು ಬಡ್ಡಿ ಹಾಕಿದ್ರೆ, ಬಡ್ಡಿ ಹರಾಮು ಅಂತ ಅದನ್ನ ಬೇರೆ ತೆಗೆದು ಬಸ್ ಸ್ಟ್ಯಾಂಡ್ ಕಕ್ಕಸು ರಿಪೇರಿಗೆ ಕೊಡೋರು. ಅಂಥೋರಿಗೆ ಅರ್ಷದ್ ಭಾಯ್ "ಮಾಮೂ, ಇದ್ರಲ್ಲಿ ಬಡ್ಡೀನೇ ಇಲ್ಲ" ಅಂದ್ರೆ ಸಾಕು, ಇನ್ನೇನೂ ಕೇಳಲ್ಲ. ಹಾಸಿಗೆ ಹೊಲಿದು ಹೊಸ ಮಳಿಗೆ ಅಡ್ವಾನ್ಸಿಗೆ ಅಂತ ಕೂಡಿಟ್ಟಿದ್ದನ್ನೆಲ್ಲ ಕೊಟ್ಟುಬಿಟ್ರು. ರಂಜಾನ್ ಒಳಗೆ ಅಡ್ವಾನ್ಸ್ ಕೊಡದಿದ್ರೆ ಆ ಮಳಿಗೆ ಬೇರೆಯವರ ಪಾಲು. ಈಗಿನ ಅಂಗಡಿ ಹೇಗೂ ರೋಡ್ ಅಗಲ ಮಾಡೋದಕ್ಕೆ ಹೋಗುತ್ತೆ. ಆಮೇಲೆ ಅಬ್ಬಾ ಎಲ್ಲಿ ಕೂತು ಹೊಲಿತಾರೆ?

ಪಾಲಿಸಿ ಕೈಗೆ ಬಂದ ಹದಿನೈದು ದಿನದೊಳಗೆ ವಾಪಸ್ ಕೊಟ್ರೆ, ಸ್ವಲ್ಪ ಹಿಡ್ಕೊಂಡು ಉಳಿದದ್ದು ಕೊಡ್ತಾರಂತೆ. ಸೋಮವಾರ ಲಾಸ್ಟ್. ಅಬ್ಬಾನೇ ಬಂದು ಸೈನ್ ಹಾಕ್ಬೇಕು. ನಿನ್ನೆ ಫೋನಲ್ಲಿ ಅಷ್ಟು ಹೇಳಿದ್ದಕ್ಕೇ ರೇಗಿದ್ರು. "ಏನೇ, ಎರಡು ತಿಂಗಳು ಕಾಲೇಜಿಗೆ ಹೋಗಿ ಲಾಯರ್ ಆಗ್ಬಿಟ್ಯಾ? ಅಳಿಯ ಆಗೋನ ಮರ್ಯಾದೆ ತೆಗೀಲಾ? ಅರ್ಜೂ ಮದುವೆ ನಿಲ್ಲಿಸ್ಲಾ?" ಸಾರಿ ಅಂತ ಫೋನ್ ಇಟ್ಟುಬಿಟ್ಟೆ.

ನೀನು ಹೇಳಿದ್ರೆ ಕೇಳ್ತಾರೆ. ಮದುವೆ ನಿಂದು. "ನನಗೋಸ್ಕರ ಸುಮ್ಮನಿರಬೇಡಿ ಅಬ್ಬಾ" ಅಂತ ಒಂದು ಮಾತು, ಪ್ಲೀಸ್. ನಾಳೆ ಜುಮ್ಮಾ ನಮಾಜ್ ಮುಗಿಸಿ ಬಂದಾಗ ಹೇಳು, ಆಗ ಕೋಪ ಕಮ್ಮಿ ಇರುತ್ತೆ.

ಭಯದಲ್ಲಿರೋ ನಿನ್ನ ತಂಗಿ,
ಅಸ್ಫಿಯಾ

ತಾ.ಕ.: ಆ ಕಂಪನಿ ಆಫೀಸಿನವರು ಅರ್ಷದ್ ಭಾಯ್‌ಗೆ ಫೋನ್ ಮಾಡಿದ್ರಂತೆ, ಅವರು ಇವತ್ತು ಹಾಸ್ಟೆಲ್ ಗೇಟಿಗೇ ಬಂದಿದ್ರು. ಬೈಯಲಿಲ್ಲ, ಬೇಡ್ಕೊಂಡ್ರು. ಟಾರ್ಗೆಟ್ ಮುಟ್ಟದಿದ್ರೆ ಕೆಲಸ ಹೋಗ್ತಿತ್ತಂತೆ, ಕೆಲಸ ಹೋದ್ರೆ ಮದುವೇನೂ ಮುಂದಕ್ಕೆ ಹೋಗ್ತಿತ್ತಂತೆ. "ವರ್ಷಾ ವರ್ಷಾ ಕಟ್ಟಬೇಕು ಅಂತ ಅರ್ಜೂಗೆ ಮೊದಲೇ ಹೇಳಿದ್ದೆ. ಅಬ್ಬಾಗೆ ಈಗ್ಲೇ ಹೇಳಬೇಡಿ ಅಂದಿದ್ದು ಅವಳೇ" ಅಂದ್ರು. ಅಬ್ಬಾಗೆ ನಾನಿದನ್ನ ಹೇಳಿಲ್ಲ, ಹೇಳೋದೂ ಇಲ್ಲ. ಸೋಮವಾರ ಬೆಳಿಗ್ಗೆ ಆ ಆಫೀಸ್ ಮುಂದೆ ನಿಂತಿರ್ತೀನಿ. ಅಬ್ಬಾನ ನೀನೇ ಕರ್ಕೊಂಡು ಬಾ.