ಗ್ಯಾಲರಿಯಿಂದ ಕೂಗಿದ ಮಾತು

ಅಕ್ಟೋಬರ್ 21, ಮಂಗಳವಾರ. ಸಂಜೆ 6:10. ಸ್ಕೂಲಿನ ಪಾರ್ಕಿಂಗ್ ಲಾಟ್

ಬಿಪಿ 138/88. ಮ್ಯಾಚಿನ ದಿನ ಇಷ್ಟು ಇದ್ದೇ ಇರುತ್ತದೆ. ಡಾಕ್ಟರಿಗೆ ಹೇಳಬೇಕಿಲ್ಲ.

ಗೆದ್ದೆವು. 20–12. ಗಾರ್ಗಿ ಬಟ್ಟೆ ಬದಲಿಸಿ ಬರುವತನಕ ಕಾರಿನಲ್ಲೇ ಕೂತು ಬರೆಯುತ್ತಿದ್ದೇನೆ. ಹಿಂದಿನ ಸೀಟಿನಲ್ಲಿ ಅವ್ವ, ಮಂಕಿ ಕ್ಯಾಪ್ ಹಾಕಿಕೊಂಡು ನಿದ್ದೆ. ಹುಬ್ಬಳ್ಳಿಯಿಂದ ಈ ದೇಶಕ್ಕೆ ಬಂದು ಎರಡು ತಿಂಗಳಾಯಿತು, ಒಂದು ಮ್ಯಾಚೂ ತಪ್ಪಿಸಿಲ್ಲ.

ಎರಡು ವರ್ಷದ ಹಿಂದೆ ನನಗೆ ಈ ಆಟದ ತಲೆಬುಡ ಗೊತ್ತಿರಲಿಲ್ಲ. ಹುಡುಗಿಯರ ಫ್ಲ್ಯಾಗ್ ಫುಟ್‌ಬಾಲ್. ಯಾರೂ ಯಾರನ್ನೂ ಕೆಡವುವಂತಿಲ್ಲ. ಸೊಂಟಕ್ಕೆ ಸಿಕ್ಕಿಸಿದ ಪಟ್ಟಿ ಕಿತ್ತರೆ ಓಟ ಅಲ್ಲಿಗೆ ಮುಗಿಯಿತು. ನನ್ನ ಮಗಳು ಕ್ವಾರ್ಟರ್‌ಬ್ಯಾಕ್ — ಚೆಂಡು ಮೊದಲು ಅವಳ ಕೈಗೆ. ಎಸೆಯುವುದೋ, ಪಕ್ಕದವಳಿಗೆ ಕೊಟ್ಟು ಓಡಿಸುವುದೋ, ಅದಕ್ಕೆ ಕೋಚ್ ಗೆರೆಯಾಚೆ ನಿಂತು ಬೆರಳಿನಲ್ಲಿ ನಂಬರು ತೋರಿಸುತ್ತಾರೆ; ಆಟ ಕರೆಯುವುದು ಅಂದರೆ ಇದೇ. ಇವಳು ಮಣಿಕಟ್ಟಿನ ಪಟ್ಟಿಯಲ್ಲಿ ಆ ನಂಬರು ನೋಡಿಕೊಂಡು ಆಡಿಸುತ್ತಾಳೆ.

ಕೋಚ್ ಒರ್ಟೆಗಾ. ಕೆಮಿಸ್ಟ್ರಿ ಟೀಚರು, ಅರವತ್ತರ ಹತ್ತಿರ. ಒಳ್ಳೆಯ ಹೆಂಗಸು, ಇಲ್ಲ ಅನ್ನುವುದಿಲ್ಲ. ಗ್ಯಾಲರಿಯ ತಗಡು ತಣ್ಣಗಿರುತ್ತದೆ ಅಂತ ತಮ್ಮ ಮಡಚುವ ಕುರ್ಚಿಯನ್ನೇ ಅವ್ವನಿಗೆ ಕೊಟ್ಟುಬಿಟ್ಟಿದ್ದಾರೆ, ಪೂರ್ತಿ ಮ್ಯಾಚು ನಿಂತೇ ಇರುತ್ತಾರೆ. ಆದರೆ ಆಟದಲ್ಲಿ ಧೈರ್ಯ ಸಾಲದು. ಸದಾ ಓಟ, ಓಟ.

ಇವತ್ತು ತಡೆಯಲಾಗಲಿಲ್ಲ. ಕೂಗಿದೆ — "ಒಗಿ, ಗಾರ್ಗೀ! ಒಗಿ!" ನಮ್ಮ ಕಡೆ ಎಸೆ ಅನ್ನುವುದಕ್ಕೆ ಹಾಗೇ. ಪಕ್ಕದಲ್ಲಿ ಉಡುಪಿಯ ವೈಕುಂಠ, ಅವನ ಮಗಳು ಸೋನಾಲಿ ಟೀಮಿನಲ್ಲಿ ಓಡುವವಳು.

"ಎಂತ ಮಾರಾಯ, ಮಗಳ ಹತ್ರ ಬಟ್ಟೆ ಒಗೀಲಿಕ್ಕೆ ಹೇಳುವುದಾ?"

"ಎದುರಾಳಿಗೆ ಗೊತ್ತಾಗದ ಭಾಷಾ ಐತಿ, ಉಪಯೋಗಿಸಬೇಕಪಾ" ಅಂದೆ. ಅವಳು ಎಸೆದಳು. ಹಿಡಿದವಳು ಕೊನೆಯ ಗೆರೆ ದಾಟಿದಳು — ಟಚ್‌ಡೌನ್, ಆರು ಪಾಯಿಂಟು.

ಅಕ್ಟೋಬರ್ 23. ಬೆಳಿಗ್ಗೆ 7

ನಿನ್ನೆ ಊಟದ ಹೊತ್ತಿಗೆ ಗಾರ್ಗಿಗೆ ನನ್ನ ಶೀಟು ತೋರಿಸಿದೆ. ಪ್ರತಿ ಮ್ಯಾಚೂ ಟ್ರೈಪಾಡಿಟ್ಟು ರೆಕಾರ್ಡ್ ಮಾಡಿ, ಒಂದೊಂದು ಆಟವನ್ನೂ ಬರೆದಿಟ್ಟದ್ದು. ಓಡಿದರೆ ಸರಾಸರಿ ಮೂರು ಗಜ. ಎಸೆದರೆ ಎಂಟು. ಇದಕ್ಕಿಂತ ಇನ್ನೇನು ಬೇಕು?

"ಅಪ್ಪಾ, ಕೋಚ್ ಹ್ಯಾಸ್ ಅ ಪ್ಲ್ಯಾನ್."

"ಡೇಟಾ ಇಲ್ಲದವರಿಗೆ ಪ್ಲ್ಯಾನ್ ಬೇಕಾಗ್ತದ."

ರೊಟ್ಟಿ ಮುರಿಯುತ್ತ ಕೂತಳು, ತಿನ್ನಲಿಲ್ಲ. ಮಾಧುರಿ ನನ್ನ ಕಡೆ ಒಂಥರಾ ನೋಡಿದಳು. ನಾನು ಇಪ್ಪತ್ತೆರಡು ವರ್ಷ ಬೇರೆಯವರ ಕೋಡಿನಲ್ಲಿ ತಪ್ಪು ಹುಡುಕಿ ಸಂಬಳ ತಿಂದವನು. ಹೆಂಡತಿಯ ನೋಟಕ್ಕೆ ಲೆಕ್ಕ ಬದಲಾಗುವುದಿಲ್ಲ.

ಅಕ್ಟೋಬರ್ 28, ಮಂಗಳವಾರ

ಮತ್ತೆ ಗೆಲುವು. ಪ್ಲೇಆಫ್‌ಗೆ ಹೋದೆವು, ಇನ್ನು ಸೋತವರು ಹೊರಗೆ! ಕೋಚ್‌ಗೂ ಕೊನೆಗೆ ಬುದ್ಧಿ ಬಂದಂತಿದೆ, ಎಸೆತ ಜಾಸ್ತಿ ಆಡಿಸುತ್ತಿದ್ದಾರೆ. ನಾನು ಕೂಗುವುದಕ್ಕೂ ಅವರು ಕರೆಯುವುದಕ್ಕೂ ಎಷ್ಟು ಸಲ ಸರಿಹೋಯಿತು! ವೈಕುಂಠ ಕೂಡ ಒಪ್ಪಿದ.

ಗಂಟಲು ಕಟ್ಟಿದೆ. ಅವ್ವ ಶುಂಠಿ ಕಷಾಯ ಮಾಡಿಕೊಟ್ಟಳು.

ನವೆಂಬರ್ 5, ಬುಧವಾರ. ಸಂಜೆ

ಸೋತೆವು.

ನಾಲ್ಕು ಪಾಯಿಂಟು ಹಿಂದೆ. ಒಂದೇ ನಿಮಿಷ. ಟಚ್‌ಡೌನ್ ಗೆರೆಗೆ ಮೂರು ಗಜ. ಮೂರೇ ಗಜ! ಚಿಕ್ಕ ಮಗು ಓಡಿದರೂ ದಾಟುತ್ತಿತ್ತು. ಎಸೆತ. ಎದುರಿನವಳು ನಡುವೆ ಹಾರಿ ಹಿಡಿದಳು. ಮುಗಿಯಿತು.

ಗಾರ್ಗಿ ಮೈದಾನದ ಮಧ್ಯೆ ಹಾಗೇ ಕೂತುಬಿಟ್ಟಳು. ಕೋಚ್ ಹೋಗಿ ಪಕ್ಕದಲ್ಲಿ ಕೂತರು, ಹೆಗಲ ಮೇಲೆ ಕೈ. ಆಮೇಲೆ ನಮ್ಮ ಕಡೆ ಬಂದು "ಗಾಳಿ ಇತ್ತು, ಎದುರು ಟೀಮು ಚೆನ್ನಾಗಿತ್ತು" ಅಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಡೀ ಸೀಸನ್ನು ಓಟ ಓಟ ಅಂದು, ಓಡಲೇಬೇಕಾದ ಕಡೆ ಎಸೆಸುವುದೆ?

ನವೆಂಬರ್ 6. ಬೆಳಿಗ್ಗೆ 6:30

ಪೇರೆಂಟ್ಸ್ ಗ್ರೂಪಿನಲ್ಲಿ 140 ಮೆಸೇಜು. ಅರ್ಧ ಜನ ಕೋಚ್ ಬದಲಾಗಬೇಕು ಅನ್ನುತ್ತಾರೆ. ಇನ್ನರ್ಧ... ಗಾರ್ಗಿ ಬಗ್ಗೆ. "ಒತ್ತಡದಲ್ಲಿ ಕೈಕೊಡ್ತಾಳೆ." "ಮುಂದಿನ ವರ್ಷ ಬೇರೆಯವರನ್ನ ಟ್ರೈ ಮಾಡ್ಬೇಕು." ವೈಕುಂಠನೇ ಬರೆದಿದ್ದಾನೆ — ಸೋನಾಲಿಯ ಕೈಯೂ ಚೆನ್ನಾಗಿದೆಯಂತೆ, ಗಾರ್ಗಿ ಬೇಕಾದರೆ ಹಿಡಿಯುವ ಕಡೆ ಆಡಲಿ.

ಹದಿನಾರು ವರ್ಷದ ಹುಡುಗಿ. ಮುಂದಿನ ವರ್ಷವೇ ಕೊನೆಯ ವರ್ಷ. ಎರಡು ಕಾಲೇಜಿನವರು ವಿಡಿಯೋ ಕೇಳಿದ್ದಾರೆ. ಕ್ವಾರ್ಟರ್‌ಬ್ಯಾಕ್ ಜಾಗ ಹೋದರೆ ಯಾರು ಕೇಳುತ್ತಾರೆ?

ಒಂದು ತಲೆ ಹೋಗಲೇಬೇಕಾದರೆ ನನ್ನ ಮಗಳದ್ದಲ್ಲ.

ನವೆಂಬರ್ 9, ಭಾನುವಾರ

ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಹೋದವನು ಸಹಿ ಸಂಗ್ರಹಿಸಿಕೊಂಡು ಬಂದೆ. ಬಿಸಿಬೇಳೆಬಾತಿನ ಕ್ಯೂನಲ್ಲಿ ನಿಂತವರಿಗೆಲ್ಲ ಫೋನು ಹಿಡಿದೆ. ಕೋಚ್ ಬದಲಾಗಬೇಕು ಅಂತ ಒಂದು ಪುಟದ ಮನವಿ, ಕೆಳಗೆ ನನ್ನ ಅಂಕಿಅಂಶ: ಕೊನೆಯ ನಾಲ್ಕು ಮ್ಯಾಚಿನ ಕಷ್ಟದ ಗಳಿಗೆಗಳಲ್ಲಿ ಒಂಬತ್ತು ತಪ್ಪು ಆಟ, ಒಂಬತ್ತೂ ಕೋಚ್ ಕರೆದದ್ದು. ಮೂವತ್ತೊಂದು ಸಹಿ. ಹತ್ತು ಜನ ಒಂದು ಮ್ಯಾಚೂ ನೋಡಿದವರಲ್ಲ. "ನೀವ್ ಹೇಳಿದ್ರೆ ಸರಿನೇ ಇರತ್ತೆ ಬಿಡಿ" ಅಂತ ಒತ್ತಿದರು. ಮನವಿಯ ಕೊನೆಗೆ ಹೆಸರು ಹಾಕಲಿಲ್ಲ — "ಕಳಕಳಿಯ ಪೋಷಕರು" ಅಂತಷ್ಟೇ.

ಅವ್ವ ಕೇಳಿದಳು.

"ಆ ಕೋಚ್ ಬಾಯಾರನ್ನ ತಗಸಾಕ ಹೊಂಟೀಯೇನೋ ಸಿದ್ದಾ? ಆಕಿ ಮಾಡಿದ್ದರ ಏನ?"

"ನಿನಗ ತಿಳಿಯಂಗಿಲ್ಲವಾ."

"ಆಟ ತಿಳಿಯಂಗಿಲ್ಲ ಖರೆ. ಕುರ್ಚಿ ಕೊಟ್ಟಾಕಿ ಯಾರಂತ ತಿಳಿತೈತಿ."

ನವೆಂಬರ್ 11, ಮಂಗಳವಾರ. ರಜೆ. ಬೆಳಿಗ್ಗೆ 11:20

ಬಟ್ಟೆ ವಾಷರಿಗೆ ಹಾಕುವಾಗ ಗಾರ್ಗಿಯ ಜರ್ಸಿಯೊಳಗೆ ಮಣಿಕಟ್ಟಿನ ಪಟ್ಟಿ ಸಿಕ್ಕಿತು. ಇದುವರೆಗೆ ಕೈಯಲ್ಲಿ ಹಿಡಿದು ನೋಡಿರಲಿಲ್ಲ. ಒಂದರಿಂದ ಆರು — ಓಟ. ಏಳರಿಂದ ಹನ್ನೆರಡು — ಎಸೆತ. ಮೂರು: ಸೋನಾಲಿಗೆ ಕೊಡು, ಎಡಕ್ಕೆ ಓಟ.

ನಾಡಿದ್ದು ಸ್ಕೂಲಿನಲ್ಲಿ ಮೀಟಿಂಗು. ಕೊನೆಯ ಆಟದ ವಿಡಿಯೋ ತೋರಿಸಬೇಕು ಅಂತ ತೆಗೆದೆ. ಅಂಚಿನಲ್ಲಿ ಕೋಚ್ ಕಾಣುತ್ತಾರೆ. ದೊಡ್ಡದು ಮಾಡಿದೆ.

ಮೂರು ಬೆರಳು.

ಇನ್ನೊಮ್ಮೆ ನೋಡಿದೆ. ಮೂರೇ. ಎತ್ತಿ ಹಿಡಿದಿದ್ದಾರೆ, ಅಲ್ಲಾಡಿಸುತ್ತಿದ್ದಾರೆ. ಗಾರ್ಗಿ ನೋಡಿದಳು, ತಲೆಯಾಡಿಸಿದಳು. ಆಗ ಕ್ಯಾಮೆರಾದ ಪಕ್ಕದಲ್ಲೇ ಒಬ್ಬ ಗಂಡಸು, ಮೈಕು ಒಡೆಯುವ ಹಾಗೆ — "ಒಗಿ! ಗಾರ್ಗೀ, ಒಗೀ!"

ಅವಳ ತಲೆ ಗ್ಯಾಲರಿಯ ಕಡೆ ತಿರುಗುತ್ತದೆ. ಎಸೆಯುತ್ತಾಳೆ.

ಒಂಬತ್ತನ್ನೂ ನೋಡಿದೆ. ಏಳರಲ್ಲಿ ಅದೇ ಕತೆ.

ಮಧ್ಯಾಹ್ನ 2

ಕೋಚ್‌ಗೆ ಬುದ್ಧಿ ಬಂತು ಅಂತ ಬರೆದಿದ್ದೆನಲ್ಲ, ಹಿಂದಿನ ಪುಟದಲ್ಲಿ ಹಾಗೇ ಇದೆ. ಹರಿಯೋಣ ಅನ್ನಿಸಿತು. ಹರಿಯಲಿಲ್ಲ. ಇರಲಿ.

ನವೆಂಬರ್ 13, ಗುರುವಾರ. ಸಂಜೆ 5:15. ಕಾರಿನಲ್ಲಿ

ಮೀಟಿಂಗು ಮುಗಿಯಿತು. ಆರು ಜನ ಪೋಷಕರು, ಕ್ರೀಡಾ ವಿಭಾಗದ ಮುಖ್ಯಸ್ಥ, ಕೋಚ್. ಲ್ಯಾಪ್‌ಟಾಪ್ ನನ್ನ ತೊಡೆಯ ಮೇಲಿತ್ತು. ವೈಕುಂಠ ನನ್ನ ಮನವಿ ಓದಿದ. ಒಂಬತ್ತು ಆಟ ಅನ್ನುವಾಗ ನನ್ನ ಕಡೆ ನೋಡಿ ಹೆಮ್ಮೆಯಿಂದ ನಕ್ಕ.

ಮುಖ್ಯಸ್ಥ ಕೇಳಿದ: ಈ ಆಟಗಳನ್ನು ಕರೆದದ್ದು ನೀವೋ, ಕ್ವಾರ್ಟರ್‌ಬ್ಯಾಕ್ ತಾನೇ ಬದಲಿಸಿದಳೋ?

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ. ನಾನು ನಿಜಕ್ಕೂ ಹೆಗಲ ಮೇಲಿನ ಬ್ಯಾಗಿನ ಪಟ್ಟಿ ಹಿಡಿದುಕೊಂಡೆ. ಕೋಚ್ ಒಂದು ಕ್ಷಣ ನನ್ನನ್ನೇ ನೋಡಿದರು.

"ಎಲ್ಲವೂ ನಾನೇ ಕರೆದದ್ದು. ಹುಡುಗಿಯರದ್ದೇನೂ ತಪ್ಪಿಲ್ಲ" ಅಂದರು.

ಆಗ ಹೇಳಬಹುದಿತ್ತು. ಒಂದೇ ವಾಕ್ಯ. ಇಲ್ಲ, ಕೂಗಿದವನು ನಾನು ಅಂತ. ಗಾರ್ಗಿಗೆ ತೊಂದರೆಯಾಗುತ್ತದೆ ಅಂತ ಸುಮ್ಮನಿದ್ದೆ... ಸುಳ್ಳು. ಇಲ್ಲಾದರೂ ಸುಳ್ಳು ಬರೆಯಬಾರದು. ವೈಕುಂಠನ ಎದುರು ಮಾನ ಹೋಗುತ್ತದೆ ಅಂತ ಸುಮ್ಮನಿದ್ದೆ. ಅವನ ಮಗಳ ಕೈಯಿಂದ ಗೆಲುವು ಕಿತ್ತವನು ನಾನು. ಕೆಮ್ಮು ಬಂದವನ ಹಾಗೆ ಕೆಮ್ಮಿ, ಲ್ಯಾಪ್‌ಟಾಪ್ ಮುಚ್ಚಿದೆ.

ನವೆಂಬರ್ 14

152/96.

ನವೆಂಬರ್ 24, ಸೋಮವಾರ. ಸಂಜೆ

ಕೋಚ್ ಒರ್ಟೆಗಾ ಬಿಟ್ಟರು. ತಾವಾಗಿಯೇ ಅಂತ ಮೇಲ್ ಬಂದಿದೆ. ಗ್ರೂಪಿನಲ್ಲಿ ಚಪ್ಪಾಳೆ. "ಎಲ್ಲಾ ಸಿದ್ಧು ಕೆಲಸ!" ಅಂತ ವೈಕುಂಠ. ಎಷ್ಟೋ ಹೆಬ್ಬೆರಳು. ಫೋನು ಬೋರಲು ಹಾಕಿದೆ.

ಗಾರ್ಗಿಯನ್ನು ಸ್ಕೂಲಿನಿಂದ ಕರೆತಂದೆ. ಮನೆ ಮುಂದೆ ಕಾರು ನಿಲ್ಲಿಸಿದ ಮೇಲೆ ಹೇಳಿದಳು.

"ಯೂ ಸಾ ದ ವಿಡಿಯೋ. ವಾಷರ್ ಮೇಲೆ ನನ್ನ ರಿಸ್ಟ್‌ಬ್ಯಾಂಡ್ ಇತ್ತು. ಐ ನೋ ಯೂ ಸಾ ಇಟ್."

ಹೂಂ ಅಂದೆ.

"ಇನ್ನೂರು ಜನ ಕಿರುಚ್ತಿದ್ರು, ಅಪ್ಪಾ. ಐ ಓನ್ಲಿ ಹರ್ಡ್ ಯೂ."

ಸ್ಟೀರಿಂಗ್ ಹಿಡಿದುಕೊಂಡೇ ಕೂತಿದ್ದೆ. ಅವಳು ಇನ್ನೂ ಒಂದು ಮಾತು ಹೇಳಿದಳು: ಓಡಿಸಿ ಸೋತಿದ್ದರೆ ಊಟದ ಹೊತ್ತಿಗೆ ನಿನ್ನ ಶೀಟು ಬರುತ್ತಿತ್ತು, ಎಸೆದು ಸೋತರೆ ಅಟ್ ಲೀಸ್ಟ್ ನಿನ್ನ ಮಾತು ಕೇಳಿದ ಹಾಗೆ. ನಾನು ಹೆತ್ತ ಮಗಳು ಹೀಗೆ ಲೆಕ್ಕ ಹಾಕುತ್ತಿದ್ದಳು. ಮೈದಾನದ ಮಧ್ಯೆ, ಒಂದೇ ನಿಮಿಷ ಉಳಿದಾಗ.

ಮುಂದಿನ ವರ್ಷ ಆಡುವುದಿಲ್ಲವಂತೆ. ಬಾಗಿಲು ಮೆಲ್ಲಗೆ ಮುಚ್ಚಿ ಹೋದಳು. ಜೋರಾಗಿ ಹಾಕಿದ್ದರೆ ಚೆನ್ನಾಗಿತ್ತು.

ಡಿಸೆಂಬರ್ 5, ಶುಕ್ರವಾರ. ಸಂಜೆ 4:50. ಪಾರ್ಕಿಂಗ್ ಲಾಟ್

ಕುರ್ಚಿ ನಮ್ಮ ಟ್ರಂಕಿನಲ್ಲೇ ಉಳಿದಿತ್ತು. ಅವ್ವ ದಿನಾ ಕೇಳುತ್ತಿದ್ದಳು, "ಕೊಟ್ಟ್ ಬಂದ್ಯೇನೋ?" ಇವತ್ತು ಒಯ್ದೆ. ಕೋಚ್ ತಮ್ಮ ಕಾರಿಗೆ ಚೆಂಡಿನ ಚೀಲ ತುಂಬುತ್ತಿದ್ದರು.

ಕುರ್ಚಿ ಕೊಟ್ಟೆ. ಎಲ್ಲ ಹೇಳಿದೆ. ಇಂಗ್ಲಿಷು ನಾಲಿಗೆಗೆ ಸರಿಯಾಗಿ ಹೊರಳಲಿಲ್ಲ.

"ಗೊತ್ತಿತ್ತು" ಅಂದರು. ಕಳೆದ ತಿಂಗಳೇ ಗಾರ್ಗಿಯನ್ನು ಕೇಳಿದ್ದರಂತೆ, ನಿಮ್ಮಪ್ಪ ಅದೇನು ಕೂಗುತ್ತಾರೆ ಅಂತ. ಪ್ರಾರ್ಥನೆ ಅಂದಳಂತೆ. ನಮ್ಮ ಕಡೆ ಅಪ್ಪಂದಿರು ಹಾಗೆ ದೇವರನ್ನು ಕರೆಯುತ್ತಾರೆ ಅಂತ.

"ನಾನು ನಂಬಲಿಲ್ಲ. ಆದರೆ ಅಷ್ಟು ಕಷ್ಟಪಟ್ಟು ಅಪ್ಪನನ್ನು ಕಾಪಾಡುವ ಮಗುವನ್ನು ನಾನು ಹೇಗೆ ಹಿಡಿದುಕೊಡಲಿ?"

ವಾಪಸು ಬರುತ್ತೀರಾ ಅಂದೆ. ಇಲ್ಲ ಅಂದರು. ಸಿಟ್ಟಿರಲಿಲ್ಲ, ದಣಿದಿದ್ದರು. ಕುರ್ಚಿ ಬಿಡಿಸಿ ಕೂತು ಬೂಟಿನ ದಾರ ಕಟ್ಟಿಕೊಂಡರು. ಮೀಟಿಂಗು ಬಿಟ್ಟರೆ, ಅವರು ಕೂತದ್ದನ್ನು ನಾನು ನೋಡಿದ್ದು ಇದು ಎರಡನೆಯ ಸಲ.

"ಅವಳನ್ನು ಆಡಲು ಬಿಡಿ" ಅಂದರು.

ಡಿಸೆಂಬರ್ 6, ಶನಿವಾರ. ಬೆಳಿಗ್ಗೆ 9:30

ಡೈನಿಂಗ್ ಟೇಬಲ್ಲು. ಶೀಟು ಅಳಿಸಿದೆ. ಪ್ರಿನ್ಸಿಪಾಲರಿಗೆ ಮೇಲ್ ಬಹುತೇಕ ಸಿದ್ಧ, ಮೂವತ್ತೊಂದು ಜನಕ್ಕೂ ಪ್ರತಿ. ಆ ಪಟ್ಟಿಯಲ್ಲಿ ವೈಕುಂಠನ ಹೆಸರು ಮೊದಲು ಹಾಕಿದ್ದೇನೆ. ಮಾಧುರಿ ಓದಿ, ನನ್ನ ಮುಂದೆ ಚಹಾ ಇಟ್ಟಳು. ಎರಡು ವಾರದ ಮೇಲೆ ಅವಳೇ ತಂದಿಟ್ಟ ಚಹಾ.

ಆಟ ಬದಲಿಸಿದ್ದು ಕೋಚ್ ಅಲ್ಲ, ನನ್ನ ಮಗಳೂ ಅಲ್ಲ, ಗ್ಯಾಲರಿಯಿಂದ ಕೂಗಿದವನು — ಅಂತ ಬರೆದೆ. ಕೂಗಿದವನು ಅಂದರೆ ಯಾರು ಅಂತ ಇನ್ನೂ ಬರೆದಿಲ್ಲ. ಅಲ್ಲಿಗೆ ಬಂದು ಅರ್ಧ ಗಂಟೆಯಾಯಿತು. ಅದಕ್ಕೇ ಈ ಪುಸ್ತಕ ತೆಗೆದೆ.

ಗಾರ್ಗಿ ಎದುರಿಗೆ ಕೂತಿದ್ದಾಳೆ. ಪರದೆ ಅವಳಿಗೂ ಕಾಣುತ್ತದೆ. ಬರಿ ಅನ್ನುವುದಿಲ್ಲ, ಬೇಡ ಅನ್ನುವುದಿಲ್ಲ. ಗಟ್ಟಿಯಾಗಿ ಉಸಿರು ಕೂಡ ಬಿಡದೆ ಕಾಯುತ್ತಿದ್ದಾಳೆ.

ಬರೆಯುತ್ತೇನೆ. ಮೊದಲು ಇಲ್ಲಿ, ಆಮೇಲೆ ಅಲ್ಲಿ. ಕೂಗಿದವನು, ಸಿದ್ಧಾರೂಢ.