ಐವತ್ತು ಗ್ರಾಂನಲ್ಲಿ ಒಂದು ಕಾಳು

ಗುರುವಾರ, ಮಾರ್ಚ್ ೧೪

ಪ್ರೀತಿಯ ಅಣ್ಣನಿಗೆ, ನೆಪ ಹೇಳಿ ಹೇಳಿ ಮುಖ ತಪ್ಪಿಸಿಕೊಂಡು ತಿರುಗುವ ನಿನ್ನ ತಂಗಿಯ ನಮಸ್ಕಾರ.

ನಿನ್ನ ಕಾಗದ ಸೋಮವಾರವೇ ಬಂತು. ಜ್ವರವೆಂದು ಮೂರು ದಿನ ರಜೆ ಹಾಕಿ ಮಲಗಿದ್ದೆ, ಅದಕ್ಕೇ ಉತ್ತರ ತಡವಾಯಿತು. ನಿನ್ನ ಮಗಳಿಗೆ ನಮ್ಮ ಬೀಜ ಪರೀಕ್ಷಾ ಪ್ರಯೋಗಾಲಯದಲ್ಲೇ ಕೆಲಸ ಸಿಕ್ಕಿತೆಂದು ಓದಿ ಕಣ್ಣು ತುಂಬಿತು. ಆದರೆ ಅದರ ಕೆಳಗಿನ ಸಾಲು ಓದಿದ ಮೇಲೆ ಊಟ ಸೇರಲಿಲ್ಲ. "ಅತ್ತೆ ಪಕ್ಕದಲ್ಲೇ ಕೂತು ಕಲಿ, ಅವಳ ಕಣ್ಣು ತಪ್ಪಲ್ಲ ಅಂತ ಹೇಳಿದೀನಿ" ಎಂದು ಬರೆದಿದ್ದೀಯಲ್ಲ, ಆ ಸಾಲು. ಬರುವ ಸೋಮವಾರ ಅವಳು ಕೆಲಸಕ್ಕೆ ಸೇರುವ ಮುಂಚೆ ನಿನಗೆ ಒಂದು ವಿಷಯ ಹೇಳಬೇಕು. ಎದುರಿಗೆ ನಿಂತು ಹೇಳುವ ಧೈರ್ಯ ನನಗಿಲ್ಲ.

ಹನ್ನೊಂದು ವರ್ಷದ ಹಿಂದಿನ ನಿನ್ನ ಕುದುರೆಮಸಾಲೆ ಬೀಜದ ವಿಷಯ. ದನದ ಮೇವಿನ ಆ ಬೆಳೆಯನ್ನು ನೀನು ಬೀಜಕ್ಕೆಂದು ಬೆಳೆದದ್ದು ಅದೇ ಮೊದಲು. ಇನ್‌ಸ್ಪೆಕ್ಟರ್ ತರುವ ಮಾದರಿಯ ಲಕೋಟೆ ಮೇಲೆ ಬರೀ ನಂಬರ್ ಇರುತ್ತದೆ. ಯಾರ ಬೀಜವೆಂದು ಪರೀಕ್ಷೆ ಮಾಡುವವರಿಗೆ ತಿಳಿಯಬಾರದು. ಆದರೆ ಒಳಗೆ ಬೆಳೆಗಾರನೇ ಕಟ್ಟಿಕೊಟ್ಟಿದ್ದ ಬಟ್ಟೆಚೀಲಕ್ಕೆ ಇದ್ದದ್ದು ಅಮ್ಮನ ಗಂಟು. ಎರಡು ಸುತ್ತು, ಒಳಗಿಂದ ಒಂದು ಕುಣಿಕೆ, ತುದಿ ಎಳೆದರೆ ಸಲೀಸಾಗಿ ಬಿಚ್ಚಿಕೊಳ್ಳುವಂಥದ್ದು. ಆ ಗಂಟು ಬರುವುದು ನಮ್ಮ ಮೂವರಿಗೇ. ನನಗೋ ಹಿಗ್ಗೋ ಹಿಗ್ಗು, ನಮ್ಮಣ್ಣ ಬೀಜ ಬೆಳೆಗಾರನಾದ ಎಂದು.

ಎಡವಿದ್ದು ಅಲ್ಲೇ. ಮಾದರಿಯನ್ನು ಎರಡು ಪಾಲು ಮಾಡುವ ಯಂತ್ರವನ್ನು ಪ್ರತಿ ಸಲವೂ ಬ್ರಷ್‌ನಿಂದ ಗುಡಿಸಿಯೇ ಮುಂದಿನ ಬೀಜ ಸುರಿಯಬೇಕು. ಆವತ್ತು ನಿನ್ನ ಬೀಜ ನೋಡುವ ಆತುರದಲ್ಲಿ ನಾನು ಬ್ರಷ್ ಮುಟ್ಟಲೇ ಇಲ್ಲ. ಅರ್ಧ ದಾಸ್ತಾನು ಕೋಣೆಗೆ ಹೋಯಿತು. ಉಳಿದ ಐವತ್ತು ಗ್ರಾಂ ನನ್ನ ಮೇಜಿಗೆ ಬಂತು. ಹೆಚ್ಚುಕಡಿಮೆ ಇಪ್ಪತ್ತೈದು ಸಾವಿರ ಕಾಳು, ಎಲ್ಲವೂ ತುಂಬಿದ ಕಾಳು. ಊಟದ ಹೊತ್ತಿಗೆ ಅದು ಸಿಕ್ಕಿತು. ಮಾಸಲು ಕಂದು, ಒರಟು ಮೈ, ಸಾಸಿವೆಗಿಂತ ಚಿಕ್ಕದು. ಹಳದಿ ಬಳ್ಳಿಯ ಬೀಜ.

ಬೇರೆ ಕಳೆಗಳಾದರೆ ಇಷ್ಟರವರೆಗೆ ಇರಬಹುದೆಂದು ಮಿತಿ ಇದೆ. ಗಿಡಕ್ಕೆ ದಾರದ ಹಾಗೆ ಸುತ್ತಿಕೊಂಡು ರಸ ಹೀರುವ ಆ ಬಳ್ಳಿಗೆ ಮಾತ್ರ ರಿಯಾಯಿತಿ ಇಲ್ಲ. ಒಂದು ಸಿಕ್ಕರೂ ಇಡೀ ರಾಶಿ ತಿರಸ್ಕೃತ. ಒಂದು ಹೊಲಕ್ಕೆ ಅದು ಹೊಕ್ಕರೆ ಮಕ್ಕಳ ಕಾಲಕ್ಕೂ ಏಳುತ್ತಲೇ ಇರುತ್ತದೆ. ನಿಯಮವನ್ನು ನಾನು ಇವತ್ತಿಗೂ ಬೈಯುವುದಿಲ್ಲ, ಅಣ್ಣ.

ನಾಲ್ಕನೇ ದಿನ ನೀನು ಮರುಪರೀಕ್ಷೆಯ ಅರ್ಜಿ ಹಿಡಿದು ಬಂದೆ. ದಾಸ್ತಾನಿನಲ್ಲಿದ್ದ ಅರ್ಧವನ್ನು ಬೇರೆಯವರಿಂದ ನೋಡಿಸಿ ಎಂದು ಕೇಳುವ ಹಕ್ಕು ನಿನಗಿತ್ತು. ಕಾರಿಡಾರಿನ ಬೆಂಚಿನ ಹತ್ತಿರ ನಿಂತು, ನೋಡಿದ್ದು ಯಾರು ಎಂದು ಕೇಳಿದೆ. ನಾನೇ ಎಂದೆ. "ಹಾಗಾದ್ರೆ ಬಿಡು ಸೂಜಿಗಣ್ಣಿ, ನಂದೇ ತಪ್ಪು. ಹೊಲದಲ್ಲಿ ಎಲ್ಲೋ ಕಣ್ತಪ್ಪಿದೆ" ಎಂದು ಅರ್ಜಿಯನ್ನು ಮಡಚಿ ಜೇಬಿಗಿಟ್ಟುಕೊಂಡೆ. ಬೇಳೆಯಲ್ಲಿ ಒಂದು ಕಲ್ಲೂ ಬಿಡದೆ ಆರಿಸುತ್ತೇನೆಂದು ಚಿಕ್ಕಂದಿನಲ್ಲಿ ನೀನೇ ಇಟ್ಟ ಹೆಸರು ಅದು. ಇನ್‌ಸ್ಪೆಕ್ಟರ್ ಎದುರಿಗೇ ನಿನ್ನ ಹದಿನೆಂಟು ಚೀಲ ಹೊಂಡದಲ್ಲಿ ಸುಟ್ಟರು. ಬೆಳೆಗಾರರ ಪಟ್ಟಿಯಿಂದ ನಿನ್ನನ್ನು ತೆಗೆದರು.

ನೀನು ಸಾಲು ಸಾಲಿಗೂ ಮಂಡಿಯೂರಿ ಆ ಬಳ್ಳಿಯನ್ನು ಹುಡುಕಿದೆ ಎಂದು ಅತ್ತಿಗೆ ಹೇಳಿದರು. ಕಣ್ಣಿನ ಡಾಕ್ಟರು ಏನೂ ತೊಂದರೆಯಿಲ್ಲ ಎಂದರೂ ಹಟ ಹಿಡಿದು ಕನ್ನಡಕ ಮಾಡಿಸಿಕೊಂಡೆಯಂತೆ. ಆವತ್ತಿನಿಂದ ಮಣ್ಣು ಮುಟ್ಟದೆ ಹಾಲಿನ ವ್ಯಾನ್ ಓಡಿಸುತ್ತಿದ್ದೀಯ. ಅಮ್ಮ ಹೋಗುವ ವಾರವೂ "ಅವನಿಗೆ ಮೊದಲಿಂದ್ಲೂ ಗಮನ ಕಮ್ಮಿ ಕಣೇ, ನಿನ್ನ ಹಾಗಲ್ಲ" ಎಂದಳು. ನಾನು ಅವಳ ಕಾಲು ಒತ್ತುತ್ತಾ ಕೂತಿದ್ದೆ, ಬಾಯಿ ಬಿಡಲಿಲ್ಲ.

ಕಳೆದ ತಿಂಗಳು ಆ ಹಳೇ ಯಂತ್ರವನ್ನು ಬದಲಾಯಿಸಿದರು. ಬಿಚ್ಚಿದಾಗ ಸಂದಿಯಲ್ಲಿ ಹಳದಿ ಬಳ್ಳಿಯ ಮೂರು ಬೀಜ ಸಿಕ್ಕವು. ಆಗ ಬ್ರಷ್ ಹಾಕದ್ದು ನೆನಪಾಗಿ ರಿಜಿಸ್ಟರ್ ತೆಗೆದು ನೋಡಿದೆ. ನಿನ್ನದಕ್ಕೆ ಮುಂಚೆ ಸುರಿದ ಮಾದರಿಯಲ್ಲಿ ಆ ಬೀಜ ಒಂಬತ್ತು ಇದ್ದವು. ನಿನಗೆ ಮುಳುವಾದ ಕಾಳು ಅಲ್ಲಿಂದ ಬಂದದ್ದು, ನಿನ್ನ ಹೊಲದ್ದಲ್ಲ. ದಾಸ್ತಾನಿನ ಅರ್ಧವನ್ನು ವರ್ಷ ತುಂಬಿದ ಮೇಲೆ ಎಸೆಯುತ್ತಾರೆ, ಆದ್ದರಿಂದ ಸಾಕ್ಷಿ ಏನೂ ಉಳಿದಿಲ್ಲ. ನನ್ನ ಮಾತನ್ನೇ ನಂಬಬೇಕು.

ಅಣ್ಣ, ನನ್ನ ಎದೆ ಒಡೆದುಹೋಗಿದೆ. ನೀನು ಬೈದಿದ್ದರೆ, ನಾಲ್ಕು ಜನರ ಮುಂದೆ ಜಗಳ ತೆಗೆದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ನೀನು ನಂಬಿಬಿಟ್ಟೆ. ಸೋಮವಾರ ಮಗಳನ್ನು ನನ್ನ ಪಕ್ಕದ ಕುರ್ಚಿಗೆ ಕಳಿಸುವುದೋ ಬೇಡವೋ ನೀನೇ ಹೇಳು. ಬೇಡವೆಂದರೆ ಬೇರೆ ವಿಭಾಗಕ್ಕೆ ಹಾಕಿಸುತ್ತೇನೆ, ಕಾರಣ ಕೇಳುವುದಿಲ್ಲ.

ನೀನಿಟ್ಟ ಹೆಸರಿಗೆ ತಕ್ಕವಳಾಗದ,
ನಿನ್ನ ತಂಗಿ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಹರಿದೆ. ಅಮ್ಮನ ಮಾತು ಬರೆಯುವಾಗಲೇ ನನ್ನ ಸುಳ್ಳು ಸಿಕ್ಕಿಬಿದ್ದಿದೆ, ನೀನು ಗಮನಿಸಿರುತ್ತೀಯ. ಅಮ್ಮ ಹೋದದ್ದು ಆ ಯಂತ್ರ ಬಿಚ್ಚುವ ಎಷ್ಟೋ ಮುಂಚೆ; ತಪ್ಪು ನನ್ನದೆಂದು ಆಗಲೇ ಗೊತ್ತಿಲ್ಲದಿದ್ದರೆ ಬಾಯಿ ಕಟ್ಟಿಕೊಂಡು ಕೂರಲು ಕಾರಣವೇ ಇರಲಿಲ್ಲ. ಆ ಮೂರು ಬೀಜ ಸಿಕ್ಕಿದ್ದು ಕಳೆದ ತಿಂಗಳಲ್ಲ. ಆವತ್ತೇ ಸಂಜೆ, ವರದಿಗೆ ಸಹಿ ಹಾಕಿದ ಹತ್ತು ನಿಮಿಷಕ್ಕೆ ಯಂತ್ರ ಗುಡಿಸುವಾಗ ಬಿದ್ದವು. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಹೇಳಿದರೆ ಅಣ್ಣನ ಬೀಜ ಪಾಸು ಮಾಡಿಸಲು ನಾಟಕ ಆಡುತ್ತಾಳೆ ಅಂತಾರೆ ಎಂದು ಹೆದರಿದೆ. ನೀನು ಅರ್ಜಿ ಹಿಡಿದು ನಿಂತಾಗ ಅವು ಪೊಟ್ಟಣದಲ್ಲಿ ನನ್ನ ಕೋಟಿನ ಜೇಬಿನಲ್ಲೇ ಇದ್ದವು. ನೀನು ಅರ್ಜಿ ಮಡಚಿದಾಗ ನನಗೆ ಉಸಿರು ಬಂದಂತಾಯಿತು. ಆ ನೆಮ್ಮದಿಗೆ ಕ್ಷಮೆ ಕೇಳುವ ಮುಖವೂ ನನಗಿಲ್ಲ.

ಜ್ವರವೂ ಸುಳ್ಳು. ದಾಸ್ತಾನಿನ ಅರ್ಧವನ್ನು ಎಸೆಯುವ ದಿನ ನಾನೇ ಕದ್ದು ಮನೆಗೆ ತಂದಿದ್ದೆ. ಹತ್ತು ವರ್ಷ ಬೀರುವಿನಲ್ಲಿತ್ತು, ಬಿಚ್ಚಲು ಕೈ ಬರಲಿಲ್ಲ. ಈ ಮೂರು ದಿನ ಕಿಟಕಿಯ ಬಳಿ ಕೂತು ಒಂದೊಂದೇ ಕಾಳು ನೋಡಿದೆ. ಹಳದಿ ಬಳ್ಳಿಯದು ಒಂದೂ ಇಲ್ಲ. ನಾಳೆ ಇದನ್ನೆಲ್ಲ ಅಧಿಕಾರಿಗಳಿಗೂ ಬರೆದು ಕೊಡುತ್ತೇನೆ.

ಆ ಬೀಜವನ್ನು ಚೀಲದಲ್ಲಿ ಕಟ್ಟಿ ಕಾಗದದ ಜೊತೆಗೇ ಕೊರಿಯರ್ ಮಾಡುತ್ತಿದ್ದೇನೆ. ಹಾಕಿರುವುದು ಅಮ್ಮನ ಗಂಟೇ. ಮಗಳ ಎದುರಿಗೆ ಬಿಚ್ಚು. ಬಿಚ್ಚುವಾಗ ಆ ಕನ್ನಡಕ ತೆಗೆದಿಡು. ಈಗ ವಯಸ್ಸಿಗೆ ಬೇಕಾಗಿರಬಹುದು, ಆದರೆ ಆವತ್ತು ನಿನ್ನ ಕಣ್ಣಿಗೆ ಏನೂ ಆಗಿರಲಿಲ್ಲ.